ಲಿಂಕ್ ತೆರೆಯದಿದ್ದರೆ, ಮ್ಯಾಪ್ ಕಪ್ಪಗಾದರೆ: ಆನ್‌ಲೈನ್ ರೋಲ್-ಪ್ಲೇ ಆಟಕ್ಕೊಂದು ದೋಷ ನಿವಾರಣೆ ಕೈಪಿಡಿ

ಶನಿವಾರ ರಾತ್ರಿ ಒಂಬತ್ತಕ್ಕೆ ನಮ್ಮ ಆಟ. ಬೆಳಗಾವಿಯ ಟಿಳಕವಾಡಿಯಲ್ಲಿ, ನಮ್ಮ ಮನೆಯ ಹಾಲ್‌ನಲ್ಲಿ ನಾನು, ತಂಗಿ, ಅವಳ ಗೆಳತಿ. ಬಾಗಲಕೋಟೆಯ ನವನಗರದಿಂದ ಕಾಲೇಜಿನ ಗೆಳೆಯ. ವಿಜಯಪುರದಿಂದ ನಮ್ಮ ಕಾಕಾ. ನಿವೃತ್ತಿ ಆದಮೇಲೆ ವಾರಕ್ಕೊಮ್ಮೆ ಆಟದಲ್ಲಿ ಡ್ವಾರ್ಫ್ (ಕುಳ್ಳ ಯೋಧ) ಆಗಿ ಕೊಡಲಿ ಬೀಸೋದು ಅವರ ಹೊಸ ಚಾಳಿ. ಆಡೋದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ನಾನು ಕತೆ ನಡೆಸುತ್ತೇನೆ (ಇವರಿಗೆ ಡಿಎಂ ಅನ್ನುತ್ತಾರೆ), ಉಳಿದವರು ಒಂದೊಂದು ಪಾತ್ರವಾಗಿ ಆಡುತ್ತಾರೆ, ಏಟು ಬಿತ್ತೋ ತಪ್ಪಿತೋ ದಾಳ ಹೇಳುತ್ತದೆ. 1974ರಲ್ಲಿ ಅಮೆರಿಕದಲ್ಲಿ ಈ ಆಟ ಮೊದಲು ಅಚ್ಚಾದಾಗ ಬೇಕಿದ್ದದ್ದು ಪೆನ್ಸಿಲ್, ಹಾಳೆ, ದಾಳ, ಒಂದು ಮೇಜು. ನಮ್ಮ ಮೇಜು ಮೂರು ಊರಿಗೆ ಹರಡಿದೆ, ಹಾಗಾಗಿ ಸಾಫ್ಟ್‌ವೇರ್ ಬೇಕಾಯಿತು.

ಸಾಫ್ಟ್‌ವೇರ್ ಬಂದಮೇಲೆ ನಾನು ಡ್ರ್ಯಾಗನ್‌ಗಿಂತ ಜಾಸ್ತಿ ಗುದ್ದಾಡಿದ್ದು ರೌಟರ್ ಜೊತೆ. ಆ ಗುದ್ದಾಟದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಬಳಸೋದು ಫೌಂಡ್ರಿ ವಿಟಿಟಿ, ಅಂದರೆ ಮ್ಯಾಪ್, ದಾಳ, ಪಾತ್ರ ಎಲ್ಲಾ ಪರದೆಯ ಮೇಲೆ ತೋರಿಸುವ ಆಟದ ಮೇಜು. ಇದು 2020ರಲ್ಲಿ ಹೊರಬಂತು. ಒಂದು ಸಲ ದುಡ್ಡು ಕೊಟ್ಟು ಲೈಸೆನ್ಸ್ ತಗೊಂಡರೆ ಆಯ್ತು, ನಿಮ್ಮ ಲ್ಯಾಪ್‌ಟಾಪೇ ಸರ್ವರ್ ಆಗುತ್ತದೆ. ಉಳಿದವರು ಬ್ರೌಸರ್‌ನಲ್ಲಿ ಲಿಂಕ್ ತೆರೆದು ಒಳಗೆ ಬರುತ್ತಾರೆ. ಇಂಥದ್ದೇ ಇನ್ನೊಂದು ರೋಲ್20, ಅದು ಇನ್ನೂ ಹಳೆಯದು, 2012ರದ್ದು. ಅದು ಅವರದೇ ಸರ್ವರ್‌ನಲ್ಲಿ ಓಡುತ್ತದೆ. ಅದನ್ನು ಬಳಸುವವರು ಲಿಂಕಿನ ಭಾಗ ಬಿಟ್ಟು ಉಳಿದದ್ದನ್ನು ಓದಿಕೊಳ್ಳಿ, ಹೆಚ್ಚುಕಮ್ಮಿ ಎಲ್ಲಾ ನಿಮಗೂ ಅನ್ವಯಿಸುತ್ತದೆ.

ಏನನ್ನೂ ಮುಟ್ಟುವ ಮೊದಲು ಒಂದು ಪ್ರಶ್ನೆ

"ಯಾರ್ಯಾರಿಗೆ ಹೀಗಾಗಿದೆ?"

ಇಷ್ಟೇ ಕೇಳಿ. ಒಬ್ಬರಿಗೆ ಮಾತ್ರ ಆಗಿದ್ದರೆ ತೊಂದರೆ ಅವರ ಬ್ರೌಸರ್‌ನಲ್ಲೋ, ಅವರ ನೆಟ್‌ನಲ್ಲೋ, ಅವರಿಗೆ ನೀವು ಕೊಟ್ಟ ಪರ್ಮಿಷನ್‌ನಲ್ಲೋ ಇದೆ. ಮನೆಯೊಳಗಿನವರಿಗೆ ಸರಿ ಇದ್ದು ಹೊರಗಿನವರಿಗೆಲ್ಲಾ ಕೆಟ್ಟಿದ್ದರೆ ಅದು ರೌಟರ್ ಅಥವಾ ಇಂಟರ್ನೆಟ್. ನಿಮಗೂ ಸೇರಿ ಎಲ್ಲರಿಗೂ ಕೆಟ್ಟಿದ್ದರೆ ಆಟದ ಫೈಲು, ಮಾಡ್ಯೂಲ್ (ಫೌಂಡ್ರಿಗೆ ಮೇಲಿಂದ ಸೇರಿಸುವ ಸಣ್ಣ ಸಾಫ್ಟ್‌ವೇರ್) ಅಥವಾ ನಿಮ್ಮ ಲ್ಯಾಪ್‌ಟಾಪ್. ನಾನು ಮೊದಲ ಆರು ತಿಂಗಳು ಈ ಪ್ರಶ್ನೆ ಕೇಳದೆ ಸೀದಾ ಸೆಟ್ಟಿಂಗ್ಸ್ ತಿರುವುತ್ತಿದ್ದೆ. ಕಾಕಾನ ಹಳೆಯ ಬ್ರೌಸರ್ ಸಲುವಾಗಿ ನಮ್ಮ ರೌಟರ್ ರೀಸೆಟ್ ಮಾಡಿ, ಮನೆಮಂದಿಯೆಲ್ಲಾ ವೈಫೈ ಇಲ್ಲದೆ ಕೂತದ್ದೂ ಉಂಟು.

ಇನ್ನೊಂದು, ಹತ್ತು ನಿಮಿಷದ ಗಡಿ ಇಟ್ಟುಕೊಳ್ಳಿ. ಹತ್ತು ನಿಮಿಷದಲ್ಲಿ ಸರಿಯಾಗಲಿಲ್ಲ ಅಂದರೆ ಫೋನಿನಲ್ಲಿ ಗುಂಪು ಕರೆ ಹಾಕಿ, ಹಾಳೆಯ ಮೇಲೆ ಮ್ಯಾಪ್ ಗೀಚಿ ಫೋಟೊ ಕಳಿಸಿ, ಆಟ ಶುರು ಮಾಡಿ. ದುರಸ್ತಿ ಭಾನುವಾರ ಬೆಳಿಗ್ಗೆ ಮಾಡಿ. ಇದಕ್ಕೆ ಎಲ್ಲರ ಕ್ಯಾರೆಕ್ಟರ್ ಶೀಟ್ (ಪಾತ್ರದ ಶಕ್ತಿ, ಆಯುಧಗಳ ವಿವರ) ಒಂದೊಂದು ಪ್ರತಿ ಕಾಗದದ ಮೇಲೆ ಇರಬೇಕು. ನಾನು ತಿಂಗಳಿಗೊಮ್ಮೆ ಮೂಲೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಟ್ಟಿರುತ್ತೇನೆ.

"ಅಣ್ಣಾ, ಲಿಂಕ್ ಓಪನ್ ಆಗವಲ್ದು"

ಇದೇ ಎಲ್ಲಕ್ಕಿಂತ ಜಾಸ್ತಿ ಬರುವ ದೂರು. ಪುಕ್ಕಟೆ ಪರೀಕ್ಷೆಗಳಿಂದ ಶುರು ಮಾಡೋಣ.

ಮೊದಲು ನೀವು ಕಳಿಸಿದ ಲಿಂಕನ್ನೇ ಓದಿ ನೋಡಿ. ಅದರಲ್ಲಿ ಲೋಕಲ್‌ಹೋಸ್ಟ್ ಅಂತ ಇದ್ದರೆ ಅದು ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಬೇರೆಲ್ಲೂ ತೆರೆಯದು. 192.168 ಅಂತ ಶುರುವಾಗಿದ್ದರೆ ನಿಮ್ಮ ಮನೆಯ ವೈಫೈ ಒಳಗೆ ಮಾತ್ರ ನಡೆಯುತ್ತದೆ. ನವನಗರದ ಗೆಳೆಯನಿಗೆ ನಾನು ಮೂರು ವಾರ ಈ ಲಿಂಕನ್ನೇ ಕಳಿಸಿ, "ನಿನ್ನ ನೆಟ್ ಸರಿ ಇಲ್ಲ ಬಿಡು" ಅಂತ ಅವನಿಗೇ ಬೈದಿದ್ದೆ. ಫೌಂಡ್ರಿಯ ಗೇಮ್ ಸೆಟ್ಟಿಂಗ್ಸ್‌ನಲ್ಲಿ ಇನ್ವಿಟೇಶನ್ ಲಿಂಕ್ಸ್ ಅಂತ ಒಂದು ಬಟನ್ ಇದೆ. ಅಲ್ಲಿ ಮನೆಯೊಳಗಿನ ಲಿಂಕ್ ಬೇರೆ, ಇಂಟರ್ನೆಟ್ ಲಿಂಕ್ ಬೇರೆ ಇರುತ್ತವೆ. ಹೊರಗಿನವರಿಗೆ ಎರಡನೆಯದು. ಕೊನೆಯಲ್ಲಿ ಕೋಲನ್ ಮತ್ತು 30000 ಇದೆಯೋ ನೋಡಿ. ನೀವು ಬದಲಿಸದಿದ್ದರೆ ಫೌಂಡ್ರಿ ಬಳಸುವ ಪೋರ್ಟ್, ಅಂದರೆ ಲ್ಯಾಪ್‌ಟಾಪ್‌ನೊಳಗೆ ಬರುವ ಬಾಗಿಲಿನ ನಂಬರ್, ಅದು. ವಾಟ್ಸಾಪ್‌ನಿಂದ ಕಾಪಿ ಮಾಡುವಾಗ ಆ ಬಾಲ ಎಷ್ಟೋ ಸಲ ಬಿಟ್ಟುಹೋಗುತ್ತದೆ. ಕೆಲವು ಬ್ರೌಸರ್ ಲಿಂಕಿನ ಮುಂದೆ ತಾನೇ ಎಚ್‌ಟಿಟಿಪಿಎಸ್ (ಭದ್ರ ಲಿಂಕಿನ ಗುರುತು) ಸೇರಿಸುತ್ತವೆ. ನಿಮ್ಮ ಸರ್ವರ್‌ಗೆ ಅದಕ್ಕೆ ಬೇಕಾದ ಸರ್ಟಿಫಿಕೇಟ್ ಇಲ್ಲದಿದ್ದರೆ ಆ ಕೊನೆಯ ಎಸ್ ಅಳಿಸಿ ತೆರೆಯಲು ಹೇಳಿ.

ಲಿಂಕ್ ಸರಿ ಇದೆ, ಆದರೂ ಇಲ್ಲವೇ? ಈಗ ಮನೆಯೊಳಗಿನ ಇನ್ನೊಂದು ಫೋನ್ ಅಥವಾ ಲ್ಯಾಪ್‌ಟಾಪ್‌ನಲ್ಲಿ 192.168ರ ಲಿಂಕ್ ತೆರೆಯಿರಿ. ಅಲ್ಲೂ ತೆರೆಯದಿದ್ದರೆ ಹೊರಗಿನ ಇಂಟರ್ನೆಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ತೊಂದರೆ ಮನೆಯೊಳಗೇ ಇದೆ. ಎರಡು ಕಾರಣ ಸಾಮಾನ್ಯ. ಒಂದು, ಯಾರೋ ಗೆಸ್ಟ್ ವೈಫೈಗೆ ಸೇರಿಕೊಂಡಿದ್ದಾರೆ. ಅದರಲ್ಲಿ ಸಾಮಾನ್ಯವಾಗಿ ಒಂದು ಸಾಧನ ಇನ್ನೊಂದಕ್ಕೆ ಕಾಣದಂತೆ ತಡೆ ಇರುತ್ತದೆ. ಎರಡು, ವಿಂಡೋಸ್ ಫೈರ್‌ವಾಲ್. ಫೌಂಡ್ರಿ ಮೊದಲ ಸಲ ಶುರು ಮಾಡಿದಾಗ ವಿಂಡೋಸ್ ಒಂದು ಪೆಟ್ಟಿಗೆ ತೋರಿಸಿ ಅನುಮತಿ ಕೇಳುತ್ತದೆ. ಅವಸರದಲ್ಲಿ ಕ್ಯಾನ್ಸಲ್ ಒತ್ತಿದರೆ ಅದು "ಆಮೇಲೆ ನೋಡೋಣ" ಅಂತ ತಿಳಿಯುವುದಿಲ್ಲ, "ತಡೆ" ಅಂತಲೇ ನಿಯಮ ಬರೆದಿಡುತ್ತದೆ. ಫೈರ್‌ವಾಲ್‌ನ ಇನ್‌ಬೌಂಡ್ ರೂಲ್ಸ್‌ಗೆ ಹೋಗಿ ಫೌಂಡ್ರಿ ಹೆಸರಿನ ಮುಂದೆ ಕೆಂಪು ಗುರುತು ಇದೆಯೋ ನೋಡಿ, ಆ ಬ್ಲಾಕ್ ನಿಯಮ ತೆಗೆದುಹಾಕಿ, ಮತ್ತೆ ಅನುಮತಿ ಕೊಡಿ. ಫೈರ್‌ವಾಲ್ ಪೂರ್ತಿ ಆಫ್ ಮಾಡಬೇಡಿ. ಒಂದು ಕಿಟಕಿ ತೆರೆಯಲು ಗೋಡೆ ಕೆಡವೋದು ಬೇಡ.

ಮನೆಯೊಳಗೆ ತೆರೆಯಿತು, ಹೊರಗಿನವರಿಗೆ ಇಲ್ಲ. ಈಗ ರೌಟರ್ ಸರದಿ. ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಹಾಕಿ 30000ಕ್ಕೆ ಹೊರಗಿನಿಂದ ಬಂದದ್ದನ್ನು ನಿಮ್ಮ ಲ್ಯಾಪ್‌ಟಾಪ್‌ನ 192.168ರ ನಂಬರಿಗೆ ತಿರುಗಿಸಬೇಕು. ಆದರೆ ಇದಕ್ಕೆ ಕೈ ಹಾಕುವ ಮೊದಲು ಎರಡು ನಿಮಿಷದ ಒಂದು ಪರೀಕ್ಷೆ ಮಾಡಿ, ನನಗೆ ಯಾರೂ ಹೇಳಿರಲಿಲ್ಲ. ರೌಟರ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಡೆಗಿನ ವಿಳಾಸ) ಅಂತ ಒಂದು ನಂಬರ್ ಇರುತ್ತದೆ, ಅದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಬ್ರೌಸರ್‌ನಲ್ಲಿ "ನನ್ನ ಐಪಿ ಏನು" ಅಂತ ಹುಡುಕಿ. ಎರಡೂ ಒಂದೇ ಆಗಿದ್ದರೆ ಪೋರ್ಟ್ ಫಾರ್ವರ್ಡಿಂಗ್ ಕೆಲಸ ಮಾಡುತ್ತದೆ. ಬೇರೆ ಬೇರೆ ಬಂದರೆ ವ್ಯಾನ್ ನಂಬರ್ ಹೇಗೆ ಶುರುವಾಗಿದೆ ನೋಡಿ. 192.168 ಇದ್ದರೆ ಬಹುಶಃ ನಿಮ್ಮ ಮನೆಯಲ್ಲಿ ಒಂದರ ಹಿಂದೆ ಒಂದು ಎರಡು ರೌಟರ್ ಇವೆ: ಫೈಬರ್‌ನವರು ಕೂಡಿಸಿದ್ದು ಒಂದು, ನೀವು ಖಡೇಬಜಾರಿನಿಂದ ತಂದದ್ದು ಇನ್ನೊಂದು. ಎರಡರಲ್ಲೂ ಫಾರ್ವರ್ಡ್ ಮಾಡಬೇಕು. 100.64ರಿಂದ 100.127ರ ನಡುವೆ ಇದ್ದರೆ, ಅಥವಾ 10ರಿಂದ ಶುರುವಾಗಿದ್ದರೆ, ಬಹುಪಾಲು ನಿಮ್ಮ ಇಂಟರ್ನೆಟ್ ಕಂಪನಿ ಒಂದೇ ಹೊರ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚಿದೆ ಎಂದರ್ಥ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಇಡೀ ವಠಾರಕ್ಕೆ ಒಂದೇ ಅಂಚೆ ಪೆಟ್ಟಿಗೆ ಇಟ್ಟ ಹಾಗೆ: ಪತ್ರ ಬರುತ್ತದೆ, ಯಾವ ಮನೆಗೆ ಅಂತ ಅದಕ್ಕೆ ಗೊತ್ತಿಲ್ಲ. ನಿಮ್ಮ ರೌಟರ್‌ನಲ್ಲಿ ಏನೇ ಮಾಡಿದರೂ ಇದು ಸರಿಯಾಗದು. ನಾನು ಎರಡು ರಾತ್ರಿ ಇದಕ್ಕೇ ಹಾಳು ಮಾಡಿದ್ದೇನೆ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ಆಟ ನಡೆಸುವವರಿಗೂ ಬಹುಪಾಲು ಇದೇ ಪರಿಸ್ಥಿತಿ.

ದಾರಿ ಮೂರು. ಕಂಪನಿಗೆ ಕೇಳಿ ಸ್ಟ್ಯಾಟಿಕ್ ಐಪಿ (ನಿಮಗೆಂದೇ ಮೀಸಲಾದ, ಬದಲಾಗದ ವಿಳಾಸ) ತಗೊಳ್ಳೋದು, ಸಾಮಾನ್ಯವಾಗಿ ಬೇರೆ ದುಡ್ಡು. ಟೇಲ್‌ಸ್ಕೇಲ್, ಝೀರೋಟಿಯರ್‌ನಂಥದ್ದನ್ನು ಎಲ್ಲರ ಯಂತ್ರದಲ್ಲೂ ಹಾಕಿ ಒಂದು ಖಾಸಗಿ ಜಾಲ ಮಾಡಿಕೊಳ್ಳೋದು. ಅಥವಾ ಕ್ಲೌಡ್‌ಫ್ಲೇರ್ ಟನಲ್‌ನಂಥದ್ದು: ನಿಮ್ಮ ಲ್ಯಾಪ್‌ಟಾಪೇ ಹೊರಗೆ ಕರೆ ಮಾಡಿ ದಾರಿ ತೆರೆದಿಡುತ್ತದೆ, ಆಟಗಾರರು ಬರೀ ಲಿಂಕ್ ಒತ್ತಿದರೆ ಸಾಕು. ಕಾಕಾನ ಕಂಪ್ಯೂಟರ್‌ನಲ್ಲಿ ಫೋನ್ ಮೂಲಕ ಏನಾದರೂ ಇನ್‌ಸ್ಟಾಲ್ ಮಾಡಿಸಿದ ಅನುಭವ ನಿಮಗಿದ್ದರೆ ಮೂರನೆಯದನ್ನೇ ಆರಿಸುತ್ತೀರಿ. ಇಲ್ಲೊಂದು ಗೊಂದಲ ಬರಬಹುದು. ಟೇಲ್‌ಸ್ಕೇಲ್ ಕೊಡುವ ನಂಬರ್ ಕೂಡ ಇದೇ 100.64ರಿಂದ 100.127ರ ಗುಂಪಿನದು. ಲ್ಯಾಪ್‌ಟಾಪ್‌ನಲ್ಲಿ ಅದನ್ನು ನೋಡಿ ಸಿಜಿನ್ಯಾಟ್ ಅಂದುಕೊಳ್ಳಬೇಡಿ. ಪರೀಕ್ಷೆಗೆ ರೌಟರ್ ಪುಟದ ನಂಬರ್ ಮಾತ್ರ ಲೆಕ್ಕ.

ಎಚ್ಚರಿಕೆ: ಹೊರಗೆ ದಾರಿ ತೆರೆದಮೇಲೆ ಯಾರು ಬೇಕಾದರೂ ಬಾಗಿಲು ಬಡಿಯಬಹುದು. ಅಡ್ಮಿನ್ ಪಾಸ್‌ವರ್ಡ್ ಹಾಕಿ. ಪ್ರತಿ ಆಟಗಾರನಿಗೂ ಬೇರೆ ಪಾಸ್‌ವರ್ಡ್ ಕೊಡಿ. ನಿಮ್ಮ ಡಿಎಂ ಖಾತೆಗೂ ಹಾಕಿ, ಇಲ್ಲದಿದ್ದರೆ ತಂಗಿ ಒಳಗೆ ಬಂದು ಮುಂದಿನ ವಾರದ ರಾಕ್ಷಸನನ್ನು ನೋಡಿಬಿಡುತ್ತಾಳೆ. ರೌಟರ್‌ನಲ್ಲಿ ಡಿಎಂಜೆಡ್ ಆನ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಲ್ಯಾಪ್‌ಟಾಪ್‌ನ ಎಲ್ಲಾ ಪೋರ್ಟನ್ನೂ ಬೀದಿಗಿಟ್ಟ ಹಾಗೆ. ರೌಟರ್‌ನ ಲಾಗಿನ್ ಕೂಡ ಗೊತ್ತಿಲ್ಲ ಅಂದರೆ ಇಲ್ಲಿಗೇ ನಿಲ್ಲಿಸಿ, ಕನೆಕ್ಷನ್ ಕೊಟ್ಟವರನ್ನೇ ಕರೆಸಿ. ಅಂದಾಜಿನ ಮೇಲೆ ಒತ್ತಿ ಫೈಬರ್ ಸೆಟ್ಟಿಂಗ್ ಅಳಿಸಿಹೋದರೆ ಅವರು ಬರುವವರೆಗೂ ಮನೆಗೆ ನೆಟ್ ಇಲ್ಲ.

"ನನಗ ಎಲ್ಲಾ ಕರ್ರಗ ಕಾಣಾಕತ್ತೈತಿ"

ಒಳಗೆ ಬಂದರು, ಚಾಟ್ ಕಾಣುತ್ತದೆ, ಮ್ಯಾಪ್ ಇರುವ ಜಾಗ ಮಾತ್ರ ಕಪ್ಪು. ಇದು ಒಬ್ಬರಿಗೇ ಆಗಿದ್ದರೆ ಹತ್ತಕ್ಕೆ ಎಂಟು ಸಲ ಯಂತ್ರದ ತಪ್ಪಲ್ಲ, ನಿಮ್ಮದು. ಫೌಂಡ್ರಿಯಲ್ಲಿ ಸೀನ್ ಅಂದರೆ ಒಂದು ಮ್ಯಾಪ್, ಟೋಕನ್ ಅಂದರೆ ಅದರ ಮೇಲಿನ ಪಾತ್ರದ ಕಾಯಿ. ಸೀನ್‌ನಲ್ಲಿ ಟೋಕನ್ ವಿಷನ್ ಆನ್ ಇದ್ದಾಗ ಆಟಗಾರನಿಗೆ ತನ್ನ ಟೋಕನ್‌ನ ಕಣ್ಣಿಗೆ ಬೀಳುವಷ್ಟೇ ಕಾಣುತ್ತದೆ. ಅವರ ಟೋಕನ್ ಆ ಸೀನ್‌ನಲ್ಲಿ ಇಲ್ಲವೇ ಇಲ್ಲ, ಅಥವಾ ಅದರ ಮಾಲೀಕತ್ವ ಅವರಿಗೆ ಕೊಟ್ಟಿಲ್ಲ, ಅಥವಾ ಟೋಕನ್‌ಗೆ ವಿಷನ್ ಆನ್ ಮಾಡಿಲ್ಲ. ಇವು ಮೂರನ್ನೂ ನೋಡಿ.

ಟೋಕನ್ ಇದೆ, ವಿಷನ್ ಇದೆ, ಆದರೂ ಕಪ್ಪು ಅಂದರೆ ಅಲ್ಲಿ ದೀಪವೇ ಇಲ್ಲದಿರಬಹುದು. ನಾನು ಬಾದಾಮಿಯ ಕೆಂಪು ಬಂಡೆ, ಅಗಸ್ತ್ಯ ತೀರ್ಥದ ದಂಡೆ ನೆನಪಿಟ್ಟುಕೊಂಡು ಒಂದು ಗುಹೆಯ ಮ್ಯಾಪ್ ಮಾಡಿದ್ದೆ. ಗೋಡೆ ಎಳೆದೆ, ಬಾಗಿಲು ಇಟ್ಟೆ, ಹಾವು ಕೂರಿಸಿದೆ. ದೀಪ ಮರೆತೆ. ಡ್ವಾರ್ಫ್‌ಗೆ ಕತ್ತಲಲ್ಲಿ ಕಾಣುವ ಶಕ್ತಿ ಇರೋದರಿಂದ ಕಾಕಾಗೆ ಎಲ್ಲಾ ಚೆನ್ನಾಗಿ ಕಾಣುತ್ತಿತ್ತು. ಮನುಷ್ಯ ಪಾತ್ರ ಆಡುತ್ತಿದ್ದ ಗೆಳೆಯನಿಗೆ ಬರೀ ಕಪ್ಪು. ಇಬ್ಬರೂ ಫೋನಿನಲ್ಲಿ ಜಗಳ: "ನಿನ್ನ ಲ್ಯಾಪ್‌ಟಾಪ್ ಡಬ್ಬಾ ಐತಿ." "ಕಾಕಾ, ನಿಮ್ಮದೇ ಏನೋ ಬ್ಯಾರೆ ಐತ್ರಿ." ಸಾಫ್ಟ್‌ವೇರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ಕೈಯಲ್ಲಿ ಪಂಜು ಕೊಟ್ಟೆ, ಬೆಳಕಾಯಿತು.

ನಿಮಗೂ ಸೇರಿ ಎಲ್ಲರಿಗೂ ಕಪ್ಪಾಗಿದ್ದರೆ ಮ್ಯಾಪ್ ಚಿತ್ರದ ಫೈಲ್ ಜಾಗ ಬದಲಾಗಿದೆಯೋ, ಹೆಸರು ಬದಲಿಸಿದ್ದೀರೋ ನೋಡಿ. ಒಬ್ಬರಿಗೇ ಕಪ್ಪು, ಟೋಕನ್ ಎಲ್ಲಾ ಸರಿ ಇದೆ ಅಂದರೆ ಅವರ ಬ್ರೌಸರ್‌ನಲ್ಲಿ ಹಾರ್ಡ್‌ವೇರ್ ಆ್ಯಕ್ಸೆಲರೇಶನ್ ಆನ್ ಇದೆಯೋ ನೋಡಿಸಿ. ಮ್ಯಾಪ್ ಬಿಡಿಸೋದು ಗ್ರಾಫಿಕ್ಸ್ ಚಿಪ್ಪಿನ ಕೆಲಸ. ಅದು ಆಫ್ ಇದ್ದರೆ ಮ್ಯಾಪ್ ಕುಂಟುತ್ತದೆ, ಇಲ್ಲವೇ ಬರುವುದೇ ಇಲ್ಲ. ಕ್ರೋಮ್ ಅಥವಾ ಫೈರ್‌ಫಾಕ್ಸ್‌ನ ಹೊಸ ಆವೃತ್ತಿ ಹಾಕಿಸಿ. ಫೋನಿನಲ್ಲಿ ಆಡಲು ನೋಡುತ್ತಿದ್ದರೆ ಮೊದಲೇ ಬೇಡ ಅನ್ನಿ. ಸಣ್ಣ ಪರದೆಗೆ ಫೌಂಡ್ರಿ ಮಾಡಿಲ್ಲ.

"ಭಾಳ ಸ್ಲೋ ಆಗೈತಿ"

ಸ್ಲೋ ಅಂದರೆ ಎರಡು ತರ. ಸೀನ್ ಬದಲಿಸಿದಾಗ ಲೋಡಿಂಗ್ ಪಟ್ಟಿ ನಿಧಾನ ತುಂಬುತ್ತದೆ, ಆಮೇಲೆ ಎಲ್ಲಾ ಸಲೀಸು ಅಂದರೆ ಅದು ನಿಮ್ಮ ಅಪ್‌ಲೋಡ್ ವೇಗ. ಲೋಡ್ ಆದಮೇಲೂ ಟೋಕನ್ ಎಳೆದರೆ ತಡವರಿಸುತ್ತದೆ ಅಂದರೆ ಅದು ಆಟಗಾರನ ಗ್ರಾಫಿಕ್ಸ್. ಇವೆರಡನ್ನು ಬೆರೆಸಬೇಡಿ.

ಮೊದಲನೆಯದಕ್ಕೆ ಲೆಕ್ಕ ಹೀಗೆ. ನನ್ನ ಕೋಟೆ ಮ್ಯಾಪ್ 24 ಮೆಗಾಬೈಟ್ ಪಿಎನ್‌ಜಿ ಫೈಲ್. ಮನೆಯೊಳಗಿನವರಿಗೆ ಇಂಟರ್ನೆಟ್ ಬೇಕಿಲ್ಲ. ಹೊರಗಿನವರು ಇಬ್ಬರು, ಅಂದರೆ ನನ್ನ ಲ್ಯಾಪ್‌ಟಾಪ್ 48 ಮೆಗಾಬೈಟ್ ಮೇಲಕ್ಕೆ ಕಳಿಸಬೇಕು. ಒಂದು ಬೈಟ್‌ಗೆ ಎಂಟು ಬಿಟ್. 384 ಮೆಗಾಬಿಟ್ ಆಯ್ತು. ಅಪ್‌ಲೋಡ್ ವೇಗ ಸೆಕೆಂಡಿಗೆ 3 ಮೆಗಾಬಿಟ್ ಇದ್ದರೆ 128 ಸೆಕೆಂಡು. ಎರಡು ನಿಮಿಷ ಎಲ್ಲರೂ ಪರದೆ ನೋಡುತ್ತಾ ಕೂರಬೇಕು. ಅದೇ ಚಿತ್ರವನ್ನು ವೆಬ್‌ಪಿ ಅನ್ನುವ ಹಗುರ ಫೈಲ್ ಮಾಡಿದೆ, 3 ಮೆಗಾಬೈಟ್‌ಗೆ ಇಳಿಯಿತು, ಕಾಯುವುದು 16 ಸೆಕೆಂಡು. ಕಣ್ಣಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ನೆಟ್ ಪ್ಲಾನ್ ತಗೊಳ್ಳುವಾಗ ಎಲ್ಲರೂ ಹೇಳೋದು ಡೌನ್‌ಲೋಡ್ ವೇಗ. ಆಟ ನಡೆಸುವವರು ಕೇಳಬೇಕಾದ್ದು ಅಪ್‌ಲೋಡ್. ಜೊತೆಗೆ, ಮುಂದಿನ ಸೀನ್‌ನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರೀಲೋಡ್ ಒತ್ತಿ. ಅವರು ಹೋಟೆಲಿನವನ ಜೊತೆ ಚೌಕಾಸಿ ಮಾಡುವಷ್ಟರಲ್ಲಿ ಕೋಟೆ ಸದ್ದಿಲ್ಲದೆ ಇಳಿದಿರುತ್ತದೆ.

ಎರಡನೆಯದರಲ್ಲಿ ಫೈಲಿನ ತೂಕ ಲೆಕ್ಕಕ್ಕಿಲ್ಲ, ಚಿತ್ರದ ಅಗಲ ಉದ್ದ ಲೆಕ್ಕ. ಗ್ರಾಫಿಕ್ಸ್ ಚಿಪ್ಪಿನೊಳಗೆ ಚಿತ್ರ ಬಿಚ್ಚಿಕೊಂಡಾಗ ಒಂದು ಪಿಕ್ಸೆಲ್‌ಗೆ ನಾಲ್ಕು ಬೈಟ್. 12,000 ಅಗಲ, 12,000 ಉದ್ದದ ಮ್ಯಾಪ್ ಅಂದರೆ 576 ಮೆಗಾಬೈಟ್. ಅದನ್ನೇ 4,096ಕ್ಕೆ ಇಳಿಸಿದರೆ ಸುಮಾರು 67. ಆಫೀಸಿನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಆಡುವವರಿಗೆ ಈ ಅಂತರವೇ ಜೀವ. 8,000ಕ್ಕಿಂತ ದೊಡ್ಡ ಚಿತ್ರ ಇಟ್ಟುಕೊಳ್ಳಬೇಡಿ, ದೊಡ್ಡ ಕೋಟೆಯನ್ನು ಎರಡು ಸೀನ್ ಮಾಡಿ. ಆಟಗಾರರ ಕಡೆ ಸೆಟ್ಟಿಂಗ್ಸ್‌ನಲ್ಲಿ ಪರ್ಫಾರ್ಮೆನ್ಸ್ ಮೋಡ್ ಲೋ ಮಾಡಿಸಿ. ಕುಣಿಯುವ ಬೆಂಕಿ, ಸುರಿಯುವ ಮಳೆ ಆಫ್ ಮಾಡಿ.

ಹಾಗೇ ಲ್ಯಾಪ್‌ಟಾಪ್ ಬಿಸಿಯನ್ನೂ ನೋಡಿ. ಬೆಳಗಾವಿಯಲ್ಲಿ ನಮಗೆ ಇದು ಅಷ್ಟು ಗೊತ್ತಾಗುವುದಿಲ್ಲ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಬಿಸಿಲಿಗೆ ಹಾಸಿಗೆ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಡಿದರೆ ಒಂದು ತಾಸಿಗೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಶುರುವಿನಲ್ಲಿ ಸರಿ ಇದ್ದು ತಾಸಿನ ಮೇಲೆ ನಿಧಾನ ಆಯ್ತು ಅಂದರೆ ಮೊದಲ ಅನುಮಾನ ಬಿಸಿಯ ಮೇಲೆ. ಗಟ್ಟಿ ಮಣೆಯ ಮೇಲಿಟ್ಟು ಫ್ಯಾನ್ ತಿರುಗಿಸಿ.

"ಈ ದಾಳ ಮೋಸ ಮಾಡ್ತೈತಿ"

ಕಾಕಾನ ಖಾಯಂ ದೂರು. ಪಗಡೆ ಆಡಿ ಬೆಳೆದವರು, ಕೈಯಲ್ಲಿ ಉಜ್ಜದ ದಾಳದ ಮೇಲೆ ಅವರಿಗೆ ನಂಬಿಕೆ ಇಲ್ಲ.

ಲೆಕ್ಕ ನೋಡೋಣ. ಈ ಆಟದಲ್ಲಿ 20 ಎಲ್ಲಕ್ಕಿಂತ ಒಳ್ಳೆಯ ಎಸೆತ, 1 ಎಲ್ಲಕ್ಕಿಂತ ಕೆಟ್ಟದ್ದು. ಇಪ್ಪತ್ತು ಮುಖದ ದಾಳವನ್ನು ಇಪ್ಪತ್ತು ಸಲ ಎಸೆದರೂ ಒಂದೂ 20 ಬೀಳದಿರುವ ಸಾಧ್ಯತೆ ಶೇ 36. ಅಂದರೆ ರಾತ್ರಿಗೆ ಇಪ್ಪತ್ತು ಸಲ ಎಸೆಯುವ ಒಬ್ಬರಿಗೆ ಹೆಚ್ಚುಕಮ್ಮಿ ಮೂರು ರಾತ್ರಿಗೊಮ್ಮೆ ಹೀಗಾಗುತ್ತದೆ. ಸಾಲಾಗಿ ಮೂರು ಸಲ 1 ಬೀಳೋದು 8,000ಕ್ಕೆ ಒಂದು. ಆದರೆ ನಮ್ಮ ಮೇಜಿನಲ್ಲಿ ರಾತ್ರಿಗೆ ನೂರೈವತ್ತು ಎಸೆತ ಅಂತಿಟ್ಟುಕೊಂಡರೆ ವರ್ಷಕ್ಕೆ 7,800. ವರ್ಷದಲ್ಲಿ ಒಮ್ಮೆ ಅದನ್ನು ನೋಡುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ನಂಬಿಕೆ ಬರದಿದ್ದರೆ ಒಂದೇ ಸಲಕ್ಕೆ 400 ದಾಳ ಎಸೆದು ಎಣಿಸಿ. ಒಂದೊಂದು ಅಂಕಿ ಸುಮಾರು 20 ಸಲ ಬರಬೇಕು. ಬಹುಪಾಲು ಅಂಕಿ 12ರಿಂದ 28ರ ನಡುವೆ ಇದ್ದರೆ ದಾಳ ಸರಿ ಇದೆ, ಒಂದೆರಡು ಸ್ವಲ್ಪ ಆಚೆ ಹೋದರೂ ಗಾಬರಿ ಬೇಡ.

ಅಷ್ಟು ಹೇಳಿದಮೇಲೆ, ಒಂದು ಸಲ ಕಾಕಾ ಹೇಳಿದ್ದೇ ನಿಜವಾಯಿತು. ಮೂರು ವಾರ ಅವರ ಕೊಡಲಿ ಏಟು ತಪ್ಪುತ್ತಲೇ ಇತ್ತು. ಕೊನೆಗೆ ಚಾಟ್‌ನಲ್ಲಿ ಅವರ ಎಸೆತದ ಮೇಲೆ ಕ್ಲಿಕ್ ಮಾಡಿ ಬಿಚ್ಚಿ ನೋಡಿದೆ. ಒಂದು ದಾಳ ಇರಬೇಕಾದಲ್ಲಿ ಎರಡು: 17 ಮತ್ತು 4. 17ಕ್ಕೆ ಗೆರೆ ಹೊಡೆದು 4 ಉಳಿಸಿಕೊಂಡಿತ್ತು. ಹಿಂದೆ ಎಂದೋ ಹಾವು ಕಚ್ಚಿದಾಗ ಬಂದ ವಿಷದ ಗುರುತು ಅವರ ಟೋಕನ್ ಮೇಲೆ ಹಾಗೇ ಉಳಿದಿತ್ತು. ವಿಷ ಏರಿದವರು ಎರಡು ದಾಳ ಎಸೆದು ಕಡಿಮೆಯದನ್ನು ತಗೊಳ್ಳಬೇಕು ಅನ್ನೋದು ಆಟದ ನಿಯಮ, ನಾನು ಹಾಕಿದ್ದ ಒಂದು ಮಾಡ್ಯೂಲ್ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು. ಹೀಗಾದಾಗ 1 ಬೀಳುವ ಸಾಧ್ಯತೆ ಶೇ 5ರಿಂದ ಶೇ 9.75ಕ್ಕೆ ಏರುತ್ತದೆ. ಹಾಗಾಗಿ ದಾಳದ ದೂರು ಬಂದಾಗ ನಗುವ ಮೊದಲು ಎಸೆತ ಬಿಚ್ಚಿ ನೋಡಿ. ದಾಳ ಎಷ್ಟು ಬಿದ್ದಿವೆ, ಮೇಲೆ ಯಾವ ಬೋನಸ್ ಕೂಡಿದೆ, ಎರಡು ಸಲ ಕೂಡಿಲ್ಲವಲ್ಲ. ಮೂರು ವಾರ ತಪ್ಪಿದ ಏಟಿಗೆ ಪರಿಹಾರವಾಗಿ ಕಾಕಾಗೆ ಒಂದು ಮಾಯಾ ಕೊಡಲಿ ಕೊಡಬೇಕಾಯಿತು.

"ಅಕ್ಷರ ಡಬ್ಬಿ ಡಬ್ಬಿ ಕಾಣಾಕತ್ತಾವು"

ಕನ್ನಡದಲ್ಲಿ ಆಟ ನಡೆಸುವವರಿಗೆ ಮಾತ್ರ ಬರುವ ರೋಗ. ಲಕ್ಷಣ ನೋಡಿ ಕಾರಣ ಹೇಳಬಹುದು. ಅಕ್ಷರದ ಜಾಗದಲ್ಲಿ ಖಾಲಿ ಚೌಕ ಕಂಡರೆ ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ. ವಿಂಡೋಸ್‌ನಲ್ಲಿ ಇದು ಅಪರೂಪ, ಕನ್ನಡ ಇರುವ ನಿರ್ಮಲಾ ಫಾಂಟ್ ಅದರ ಜೊತೆಗೇ ಬರುತ್ತದೆ. ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್‌ನಲ್ಲಿ ಆಗುತ್ತದೆ. ನೋಟೊ ಕನ್ನಡ ಫಾಂಟ್ ಪುಕ್ಕಟೆ, ಹಾಕಿ.

ಚೌಕ ಅಲ್ಲ, ಇಂಗ್ಲಿಷ್ ಅಕ್ಷರಕ್ಕೆ ಟೋಪಿ ಚುಕ್ಕೆ ಹಾಕಿದ ಕಲಸುಮೇಲೋಗರ ಕಂಡರೆ, ಅದು ಹಳೆಯ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ. ಡಿಟಿಪಿ ಮಾಡುವ ಗೆಳೆಯರಿಂದ ಕತೆ ಬರೆಸಿಕೊಂಡರೆ ಹೀಗಾಗುತ್ತದೆ. ಫಾಂಟ್ ಬದಲಿಸಿ ಪ್ರಯೋಜನ ಇಲ್ಲ. ಯೂನಿಕೋಡ್‌ಗೆ ಪರಿವರ್ತಿಸಿ ಮತ್ತೆ ಅಂಟಿಸಬೇಕು, ಅದಕ್ಕೆ ಪುಕ್ಕಟೆ ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೆ ಒಮ್ಮೆ ಓದಿ ನೋಡಿ, ಅರ್ಕಾವತ್ತು ಕೆಲವೊಮ್ಮೆ ಜಾಗ ತಪ್ಪಿರುತ್ತದೆ. ಇನ್ನು ತುಂಬುವ ಪಿಡಿಎಫ್ ಶೀಟ್‌ಗಳಲ್ಲಿ ಕನ್ನಡ ಬಾರದಿದ್ದರೆ ಒದ್ದಾಡಬೇಡಿ. ಪಾತ್ರದ ಹೆಸರನ್ನು ಪೆನ್ನಿನಲ್ಲಿ ಬರೆಯಿರಿ.

"ನನ್ನ ಮಾತು ನನಗ ವಾಪಸ್ ಕೇಳಾಕತ್ತೈತಿ"

ಗೋಲಗುಮ್ಮಟದೊಳಗೆ ನಿಂತ ಹಾಗೆ ಮಾತು ತಿರುಗಿ ಬರುತ್ತಿದ್ದರೆ ಯಾರೋ ಹೆಡ್‌ಫೋನ್ ಇಲ್ಲದೆ ಸ್ಪೀಕರ್ ಹಾಕಿ ಕೂತಿದ್ದಾರೆ. ಯಾರು ಅಂತ ಹಿಡಿಯೋದು ಸುಲಭ. ಮಾರ್ದನಿ ಕೇಳುತ್ತಿಲ್ಲ ಅನ್ನುವವರೇ ಕಾರಣ. ಅವರ ಸ್ಪೀಕರ್‌ನಿಂದ ನಮ್ಮ ದನಿ ಹೊರಟು ಅವರ ಮೈಕ್ ಹೊಕ್ಕು ನಮಗೇ ವಾಪಸ್ ಬರುತ್ತದೆ. ಅವರಿಗೆ ಎಲ್ಲಾ ಚೊಕ್ಕಟವಾಗಿ ಕೇಳುತ್ತಿರುತ್ತದೆ. ನಮ್ಮಲ್ಲಿ ಮಾರ್ದನಿ ವಿಜಯಪುರದಿಂದಲೇ ಬರುತ್ತಿತ್ತು, ಜಾಗಕ್ಕೆ ತಕ್ಕ ಹಾಗೆ. ಒಂದೇ ಕೋಣೆಯಲ್ಲಿ ಇಬ್ಬರು ಎರಡು ಲ್ಯಾಪ್‌ಟಾಪ್‌ನಲ್ಲಿ ಮೈಕ್ ಆನ್ ಇಟ್ಟರೂ ಇದೇ ಗತಿ.

ಫೌಂಡ್ರಿಯೊಳಗಿನ ಮೈಕ್, ಕ್ಯಾಮೆರಾ ನಿಮಗೆ ಮಾತ್ರ ನಡೆದು ಬೇರೆಯವರಿಗೆ ಬರುತ್ತಿಲ್ಲ ಅಂದರೆ ಕಾರಣ ಎಚ್‌ಟಿಟಿಪಿಎಸ್ ಇಲ್ಲದಿರುವುದು. ಭದ್ರ ಲಿಂಕ್ ಇಲ್ಲದ ಪುಟಕ್ಕೆ ಬ್ರೌಸರ್ ಮೈಕ್ ಕೊಡುವುದಿಲ್ಲ, ಲೋಕಲ್‌ಹೋಸ್ಟ್‌ಗೆ ಮಾತ್ರ ವಿನಾಯಿತಿ. ಕ್ಲೌಡ್‌ಫ್ಲೇರ್ ಟನಲ್ ಹಾಕಿದವರಿಗೆ ಈ ತೊಂದರೆ ತಾನಾಗಿ ಹೋಗುತ್ತದೆ. ನಾನಂತೂ ಮಾತಿಗೆ ಡಿಸ್ಕಾರ್ಡ್ ಅನ್ನುವ ಬೇರೆ ಆ್ಯಪ್ ಬಳಸುತ್ತೇನೆ. ಮ್ಯಾಪ್ ಬಿದ್ದರೂ ಮಾತು ಉಳಿಯುತ್ತದೆ ಅಲ್ವಾ.

ಸಂಗೀತ ಕೇಳುತ್ತಿಲ್ಲ ಅಂದವರಿಗೆ ಪುಟದ ಮೇಲೆ ಒಮ್ಮೆ ಕ್ಲಿಕ್ ಮಾಡಲು ಹೇಳಿ. ಕ್ಲಿಕ್ ಆಗುವವರೆಗೆ ಬ್ರೌಸರ್ ಸದ್ದು ಬಿಡುವುದಿಲ್ಲ.

"ನಿನ್ನೆ ಮಟ ಛಲೋ ಇತ್ತು"

ಈ ಮಾತು ಕೇಳಿದರೆ ನನ್ನ ಮುಂದಿನ ಪ್ರಶ್ನೆ: ಇವತ್ತು ಏನು ಅಪ್‌ಡೇಟ್ ಮಾಡಿದಿರಿ? ಬಟನ್ ಒತ್ತಿದರೆ ಏನೂ ಆಗುವುದಿಲ್ಲ, ಶೀಟ್ ಅರ್ಧ ತೆರೆಯುತ್ತದೆ, ಟೋಕನ್ ಕದಲುವುದಿಲ್ಲ. ಇಂಥವೆಲ್ಲಾ ಬಹುಪಾಲು ಮಾಡ್ಯೂಲ್ ಜಗಳ.

ಮೊದಲು ಪುಟ ರಿಫ್ರೆಶ್ ಮಾಡಿ. ಆಮೇಲೆ ಮ್ಯಾನೇಜ್ ಮಾಡ್ಯೂಲ್ಸ್‌ನಲ್ಲಿ ಎಲ್ಲಾ ಆಫ್ ಮಾಡಿ ನೋಡಿ. ಸರಿ ಹೋಯಿತೇ? ಹಾಗಾದರೆ ಕಳ್ಳ ಅದರೊಳಗೇ ಇದ್ದಾನೆ. ಅರ್ಧ ಆನ್ ಮಾಡಿ, ನೋಡಿ. ಕೆಟ್ಟರೆ ಆ ಅರ್ಧದಲ್ಲಿ, ಇಲ್ಲದಿದ್ದರೆ ಇನ್ನರ್ಧದಲ್ಲಿ. ಮತ್ತೆ ಅದರಲ್ಲಿ ಅರ್ಧ. 32 ಮಾಡ್ಯೂಲ್ ಇದ್ದರೂ ಐದು ಸಲಕ್ಕೆ ಸಿಕ್ಕಿಬೀಳುತ್ತದೆ. ಇದೇ ಕೆಲಸವನ್ನು ತಾನೇ ಮಾಡುವ 'ಫೈಂಡ್ ದ ಕಲ್ಪ್ರಿಟ್' ಅನ್ನುವ ಮಾಡ್ಯೂಲ್ ಉಂಟು, ಅದೊಂದನ್ನು ಮೊದಲೇ ಹಾಕಿಟ್ಟುಕೊಳ್ಳಿ. ಎಲ್ಲಾ ಆಫ್ ಮಾಡಿದರೂ ಕೆಟ್ಟೇ ಇದ್ದರೆ ಎಫ್12 ಒತ್ತಿ ಕನ್ಸೋಲ್‌ನಲ್ಲಿ (ಬ್ರೌಸರ್ ತಪ್ಪುಗಳನ್ನು ಬರೆದಿಡುವ ಜಾಗ) ಬರುವ ಮೊದಲ ಕೆಂಪು ಸಾಲಿನ ಫೋಟೊ ತೆಗೆಯಿರಿ. ಕೊನೆಯದ್ದಲ್ಲ, ಮೊದಲನೆಯದು. ಉಳಿದವು ಸಾಮಾನ್ಯವಾಗಿ ಅದರ ಮರಿಗಳು.

ಇಲ್ಲೊಂದು ಕೆಂಪು ಗೆರೆ. ಫೌಂಡ್ರಿಯ ಹೊಸ ಆವೃತ್ತಿಯಲ್ಲಿ ನಿಮ್ಮ ವರ್ಲ್ಡ್ (ಮ್ಯಾಪ್, ಪಾತ್ರ ಎಲ್ಲಾ ಸೇರಿದ ನಿಮ್ಮ ಪೂರ್ತಿ ಆಟ) ತೆರೆದರೆ ಅದು ಹೊಸ ರೂಪಕ್ಕೆ ಬದಲಾಗುತ್ತದೆ. ಅಲ್ಲಿಂದ ವಾಪಸ್ ಬರುವ ದಾರಿ ಬ್ಯಾಕಪ್ ಒಂದೇ. ಆಟದ ದಿನ ಅಪ್‌ಡೇಟ್ ಮಾಡಲೇಬೇಡಿ. ಮಾಡುವ ಮೊದಲು ಫೌಂಡ್ರಿ ಮುಚ್ಚಿ, ಡೇಟಾ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ತೆರೆದಿಟ್ಟೇ ಕಾಪಿ ಮಾಡಿದರೆ ಅರೆಬರೆ ಪ್ರತಿ ಸಿಗುತ್ತದೆ. ಇನ್ನೊಂದು: ಆ ಫೋಲ್ಡರನ್ನು ಒನ್‌ಡ್ರೈವ್, ಡ್ರಾಪ್‌ಬಾಕ್ಸ್‌ನಂಥ ಸಿಂಕ್ ಆಗುವ ಜಾಗದಲ್ಲಿ ಇಡಬೇಡಿ. 11ನೇ ಆವೃತ್ತಿಯಿಂದ ಫೌಂಡ್ರಿ ಲೆವೆಲ್‌ಡಿಬಿ ಅನ್ನುವ ಡೇಟಾಬೇಸ್ ಬಳಸುತ್ತದೆ. ಆಟ ನಡೆಯುವಾಗ ಸಿಂಕ್ ಮಾಡುವ ಸಾಫ್ಟ್‌ವೇರ್ ಅದರ ಫೈಲ್ ಹಿಡಿದರೆ ವರ್ಲ್ಡ್ ಕೆಡಬಹುದು. ವರ್ಲ್ಡ್ ತೆರೆಯುವುದೇ ಇಲ್ಲ, ಡೇಟಾಬೇಸ್ ಬಗ್ಗೆ ಏನೋ ಹೇಳುತ್ತಿದೆ ಅಂದರೆ ಅಲ್ಲಿಗೇ ಕೈ ತೆಗೆಯಿರಿ. ಒಳಗಿನ ಫೈಲ್ ಅಳಿಸಬೇಡಿ, ಮತ್ತೆ ಮತ್ತೆ ತೆರೆಯಬೇಡಿ. ಇದ್ದಂತೆಯೇ ಒಂದು ಪ್ರತಿ ಮಾಡಿಟ್ಟು, ತಿಳಿದವರ ಹತ್ತಿರ ಹೋಗಿ.

ಅಪ್‌ಡೇಟ್ ಏನೂ ಇಲ್ಲದೆ "ಶೀಟ್ ಬದಲಿ ಮಾಡಾಕ ಬರವಲ್ದು" ಅಂದರೆ ಆ ಪಾತ್ರದ ಓನರ್ ಪರ್ಮಿಷನ್ ಕೊಟ್ಟಿಲ್ಲ, ಅಷ್ಟೇ.

"ಕರೆಂಟ್ ಹೋತು"

ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ರೌಟರ್‌ಗೆ ಇಲ್ಲ. ಕರೆಂಟ್ ಹೋದರೆ ಮೊದಲು ಸಾಯೋದು ಅದು. ಇನ್ವರ್ಟರ್ ಇದ್ದರೂ ಬದಲಾಗುವ ಆ ಒಂದು ಕ್ಷಣದಲ್ಲಿ ಕೆಲವು ರೌಟರ್ ರೀಸ್ಟಾರ್ಟ್ ಆಗುತ್ತವೆ, ಎಲ್ಲರೂ ಹೊರಗೆ ಬೀಳುತ್ತಾರೆ. ರೌಟರ್‌ಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ತರುವ ಮೊದಲು ರೌಟರ್ ಅಡಾಪ್ಟರ್ ಮೇಲೆ 9 ವೋಲ್ಟ್ ಇದೆಯೋ 12 ಇದೆಯೋ ಓದಿಕೊಳ್ಳಿ. 9ರದ್ದಕ್ಕೆ 12 ಕೊಟ್ಟರೆ ಸುಟ್ಟೀತು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಆಟ ಮುಖ್ಯ ಅಲ್ಲ. ಮೋಡ ಕಟ್ಟಿದಾಗಲೇ ರೌಟರ್‌ನ ಪ್ಲಗ್ ಮತ್ತು ಲ್ಯಾನ್ ತಂತಿ ಕಿತ್ತಿಡಿ. ನೆತ್ತಿಯ ಮೇಲೆ ಸಿಡಿಲು ಬಡಿಯುವಾಗ ಹೋಗಿ ತಂತಿ ಮುಟ್ಟಬೇಡಿ.

ಟಚ್‌ಪ್ಯಾಡ್ ಉಬ್ಬಿದೆ, ಮುಚ್ಚಳ ಸರಿ ಕೂರುತ್ತಿಲ್ಲ, ಲ್ಯಾಪ್‌ಟಾಪ್ ಮೇಜಿನ ಮೇಲೆ ಅಲುಗಾಡುತ್ತದೆ ಅಂದರೆ ಬ್ಯಾಟರಿ ಊದಿಕೊಂಡಿರಬಹುದು. ಆಟ ನಿಲ್ಲಿಸಿ, ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ, ಬೆಂಕಿ ಹತ್ತಬಹುದು. ಸರ್ವಿಸ್‌ನವರಿಗೆ ಕೊಡಿ. ತಂಗಿಯ ಗೆಳತಿಯ ಲ್ಯಾಪ್‌ಟಾಪ್ ಹೀಗಾಗಿತ್ತು. ಎರಡು ತಿಂಗಳು ಅವಳು ಟಚ್‌ಪ್ಯಾಡ್ ಬರುತ್ತಿಲ್ಲ ಅಂತ ಮೌಸ್ ಬಳಸಿ ಆಡುತ್ತಿದ್ದಳು, ನಾವ್ಯಾರೂ ತಿರುಗಿಸಿ ನೋಡಿರಲಿಲ್ಲ.

ಬೇರೆಯವರ ಹತ್ತಿರ ಕೇಳುವಾಗ

"ಫೌಂಡ್ರಿ ನಡೀತಿಲ್ಲ, ಸಹಾಯ ಮಾಡಿ" ಅಂತ ಬರೆದರೆ ಯಾರೂ ಉತ್ತರ ಕೊಡಲಾರರು. ಫೌಂಡ್ರಿಯ ಆವೃತ್ತಿ, ಆಟದ ಸಿಸ್ಟಮ್‌ನ (ಫೌಂಡ್ರಿಯೊಳಗೆ ಹಾಕಿದ ಆಟದ ನಿಯಮಗಳ ಪ್ಯಾಕೇಜ್) ಆವೃತ್ತಿ, ಬ್ರೌಸರ್ ಯಾವುದು, ಯಾರ್ಯಾರಿಗೆ ಆಗಿದೆ, ಮಾಡ್ಯೂಲ್ ಎಲ್ಲಾ ಆಫ್ ಮಾಡಿದಾಗ ಏನಾಯಿತು, ಮೊದಲ ಕೆಂಪು ಸಾಲಿನ ಫೋಟೊ. ಇಷ್ಟು ಕೊಡಿ. ಫೋಟೊದಲ್ಲಿ ನಿಮ್ಮ ಐಪಿ ನಂಬರ್ ಅಥವಾ ಲೈಸೆನ್ಸ್ ಕೀ ಕಂಡರೆ ಅಳಿಸಿ ಕಳಿಸಿ. ಯಾರಾದರೂ "ರಿಮೋಟ್ ಆ್ಯಕ್ಸೆಸ್ ಕೊಡಿ, ನಾನೇ ಮಾಡಿಕೊಡುತ್ತೇನೆ" ಅಂದರೆ, ಮುಖ ಪರಿಚಯ ಇಲ್ಲದವರಾಗಿದ್ದರೆ ಬೇಡ ಅನ್ನಿ. ಆ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಬ್ಯಾಂಕೂ ಇರುತ್ತದೆ.